ಇಲಿಯಲ್ಲಿ ವಾಸಿಯಾದ ಕ್ಯಾನ್ಸರ್

ಕರ್ನಾಟಕದ ನರ್ಸರಿಗಳಲ್ಲಿ ಲಕ್ಷ್ಮಣಫಲದ ಸಸಿಗೆ ಕೆಲವು ವರ್ಷಗಳಿಂದ ಒಳ್ಳೆಯ ಬೇಡಿಕೆ ಇದೆ. ಸೀತಾಫಲದ ಕುಲಕ್ಕೆ ಸೇರಿದ, ಮೈಮೇಲೆ ಮೆತ್ತನೆಯ ಮುಳ್ಳುಗಳಿರುವ ಈ ಹಣ್ಣಿನ ತವರು ಅಮೆರಿಕ ಖಂಡದ ಉಷ್ಣವಲಯ. ಜನ ಇದನ್ನು ಹುಡುಕಿಕೊಂಡು ಬರುವುದು ರುಚಿಗಿಂತ ಹೆಚ್ಚಾಗಿ ಒಂದು ವಾಕ್ಯಕ್ಕೆ ಮರುಳಾಗಿ: 'ಇದು ಕೀಮೊಥೆರಪಿಗಿಂತ ಹತ್ತು ಸಾವಿರ ಪಟ್ಟು ಶಕ್ತಿಶಾಲಿ.' ಕರಪತ್ರಗಳಲ್ಲೂ ಮೊಬೈಲ್ ಸಂದೇಶಗಳಲ್ಲೂ ಈ ವಾಕ್ಯ ಇಂದಿಗೂ ಸುತ್ತುತ್ತಿದೆ. ಇದನ್ನು ನಂಬಿ ಆಸ್ಪತ್ರೆಯ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಎಲೆಯ ಕಷಾಯ ಕುಡಿಯುತ್ತ ಕುಳಿತವರನ್ನು ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ನಾನೂ ಕಂಡಿದ್ದೇನೆ.

ಆ ಹತ್ತು ಸಾವಿರದ ಅಂಕಿಗೆ ಒಂದು ಮೂಲವಿದೆ. 1996ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಈ ಗಿಡದ ಬೀಜಗಳಿಂದ ಕೆಲವು ವಸ್ತುಗಳನ್ನು ಬೇರ್ಪಡಿಸಿದರು. ಅವುಗಳಲ್ಲಿ ಒಂದನ್ನು ದೊಡ್ಡ ಕರುಳಿನ ಕ್ಯಾನ್ಸರಿನಿಂದ ಬೆಳೆಸಿದ ಕೋಶಗಳ ಮೇಲೆ ಹಾಕಿದಾಗ, ಅಡ್ರಿಯಾಮೈಸಿನ್ ಎಂಬ ಔಷಧಕ್ಕೆ ಬೇಕಾದ ಸಾಂದ್ರತೆಯ ಹತ್ತು ಸಾವಿರದ ಒಂದು ಭಾಗದಲ್ಲೇ ಅಷ್ಟೇ ಪರಿಣಾಮ ಕಂಡಿತು. ವಸ್ತು ಒಂದು, ಕೋಶದ ಬಗೆ ಒಂದು, ಪಾತ್ರೆ ಪ್ಲಾಸ್ಟಿಕ್ಕಿನದು. ಕರಪತ್ರಕ್ಕೆ ಬರುವಷ್ಟರಲ್ಲಿ ಬೀಜ ಎಲೆಯಾಯಿತು, ಕೋಶ ರೋಗಿಯಾಯಿತು. ಬ್ಲೀಚಿಂಗ್ ಪುಡಿಯ ನೀರು ಹಾಕಿದರೂ ತಟ್ಟೆಯ ಕೋಶಗಳು ಸಾಯುತ್ತವೆ. ಕಷ್ಟ ಇರುವುದು ರೋಗಿಯನ್ನು ಉಳಿಸಿಕೊಂಡು ಅವುಗಳನ್ನು ಕೊಲ್ಲುವುದರಲ್ಲಿ. ಲಕ್ಷ್ಮಣಫಲ ಮನುಷ್ಯರ ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂದು ತೋರಿಸಿದ ದೊಡ್ಡ ಪರೀಕ್ಷೆ ಯಾವುದೂ ಇಲ್ಲ. ಬದಲಿಗೆ, ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ ಇದನ್ನು ಹೆಚ್ಚಾಗಿ ಸೇವಿಸುವವರಲ್ಲಿ ಪಾರ್ಕಿನ್ಸನ್ ರೋಗವನ್ನು ಹೋಲುವ ನರರೋಗ ಹೆಚ್ಚು ಎಂದು 1999ರಲ್ಲಿ ವರದಿಯಾಗಿದೆ.

ಹಾಗಾದರೆ ತಟ್ಟೆಯಲ್ಲಿ, ಇಲಿಯಲ್ಲಿ ನಡೆಸಿದ ಪರೀಕ್ಷೆಗೆ ಬೆಲೆಯೇ ಇಲ್ಲವೇ? ಇದೆ. ಆದರೆ ಆ ಬೆಲೆ ಎಷ್ಟು ಎಂದು ತಿಳಿಯಲು ಮಾದರಿ ಏನನ್ನು ಉಳಿಸಿಕೊಂಡಿದೆ, ಏನನ್ನು ಬಿಟ್ಟಿದೆ ಎಂದು ನೋಡಬೇಕು. ನಾನು ಜೀವವಿಜ್ಞಾನಿಯಲ್ಲ, ಭೌತಶಾಸ್ತ್ರದ ಮೇಷ್ಟ್ರು. ನಮ್ಮ ವಿಷಯದಲ್ಲಿ ಘರ್ಷಣೆಯೇ ಇಲ್ಲದ ಇಳಿಜಾರು, ತೂಕವೇ ಇಲ್ಲದ ದಾರ, ಅಣುಗಳ ನಡುವೆ ಆಕರ್ಷಣೆಯೇ ಇಲ್ಲದ ಆದರ್ಶ ಅನಿಲ ಇವೆಲ್ಲ ದಿನನಿತ್ಯದ ಮಾದರಿಗಳು. ಆದರ್ಶ ಅನಿಲದ ಸೂತ್ರದಿಂದ ಬಲೂನಿನ ಒತ್ತಡ ಹೇಳಬಹುದು. ಅನಿಲ ಯಾವಾಗ ದ್ರವವಾಗುತ್ತದೆ ಎಂದು ಹೇಳಲಾಗದು, ಏಕೆಂದರೆ ಅದಕ್ಕೆ ಬೇಕಾದ ಆಕರ್ಷಣೆಯನ್ನೇ ನಾವು ಕೈಬಿಟ್ಟಿದ್ದೇವೆ. ಕ್ಯಾನ್ಸರ್ ಸಂಶೋಧನೆಯ ಮಾದರಿಗಳ ಸ್ಥಿತಿಯೂ ಇದೇ. ಅವು ಕೈಬಿಡುವ ಸಂಗತಿಗಳಲ್ಲಿ ಹಲವು ಭೌತಶಾಸ್ತ್ರಕ್ಕೆ ಸೇರಿದವು ಎಂಬುದು ಈ ವಿಷಯ ನನ್ನನ್ನು ಸೆಳೆಯಲು ಕಾರಣ.

ತಟ್ಟೆಯಲ್ಲಿ ಬೆಳೆದ ಕೋಶಗಳು

1951ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಗರ್ಭಕೊರಳಿನ ಕ್ಯಾನ್ಸರಿನಿಂದ ನರಳುತ್ತಿದ್ದ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆ ಬಂದರು. ಆಕೆಯ ಗಂತಿಯಿಂದ ತೆಗೆದ ಚೂರನ್ನು ಜಾರ್ಜ್ ಗೈ ಪ್ರಯೋಗಾಲಯದಲ್ಲಿ ಬೆಳೆಸಿದರು. ಅದುವರೆಗೆ ಹೀಗೆ ಬೆಳೆಸಿದ ಮಾನವ ಕೋಶಗಳು ಕೆಲಕಾಲದಲ್ಲೇ ಸತ್ತುಹೋಗುತ್ತಿದ್ದವು. ಇವು ಸಾಯಲಿಲ್ಲ. ಆಕೆ ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡರು. 'ಹೀಲಾ' ಎಂಬ ಹೆಸರಿನ ಆ ಕೋಶಗಳು ಜಗತ್ತಿನ ಪ್ರಯೋಗಾಲಯಗಳಲ್ಲಿ ಇಂದಿಗೂ ವಿಭಜನೆಗೊಳ್ಳುತ್ತಲೇ ಇವೆ. ಆಕೆಯನ್ನಾಗಲಿ ಮನೆಯವರನ್ನಾಗಲಿ ಯಾರೂ ಒಪ್ಪಿಗೆ ಕೇಳಿರಲಿಲ್ಲ.

ಇಂಥ ಕೋಶಕುಲಗಳು ಇಂದು ಸಾವಿರಾರು ಇವೆ. ಇವನ್ನು ಬೆಳೆಸುವುದು ಅಗ್ಗ. ಒಂದು ಪೊರೆಯಾಗಿ ತಟ್ಟೆಯ ತಳಕ್ಕೆ ಅಂಟಿಕೊಂಡು ಬೆಳೆಯುವ ಇವುಗಳ ಮೇಲೆ ದಿನಕ್ಕೆ ನೂರಾರು ರಾಸಾಯನಿಕಗಳನ್ನು ಪರೀಕ್ಷಿಸಬಹುದು. ಯಾವ ಜೀನು ಕೆಟ್ಟರೆ ಕೋಶದೊಳಗೆ ಏನಾಗುತ್ತದೆ ಎಂಬಂಥ ಪ್ರಶ್ನೆಗೆ ಇದಕ್ಕಿಂತ ಉತ್ತಮ ಮಾದರಿ ಸಿಗುವುದು ಕಷ್ಟ.

ಈಗ ಇದು ಕೈಬಿಟ್ಟದ್ದನ್ನು ನೋಡೋಣ. ಮೊದಲನೆಯದು ಆಮ್ಲಜನಕ. ತಟ್ಟೆಯ ಪೊರೆಯಲ್ಲಿ ಪ್ರತಿ ಕೋಶಕ್ಕೂ ಆಮ್ಲಜನಕ ಸಮನಾಗಿ ಸಿಗುತ್ತದೆ. ಗಂತಿಯಲ್ಲಿ ಹಾಗಲ್ಲ. ರಕ್ತನಾಳದಿಂದ ಹೊರಬಿದ್ದ ಆಮ್ಲಜನಕ ಕೋಶದಿಂದ ಕೋಶಕ್ಕೆ ವಿಸರಣೆಯಿಂದಲೇ ಸಾಗಬೇಕು. ಅಲುಗಾಡದ ನೀರಿನ ತಳದಲ್ಲಿ ಬೆಲ್ಲದ ಚೂರನ್ನಿಟ್ಟರೆ ಸಿಹಿ ಮೇಲಕ್ಕೆ ಬರಲು ಎಷ್ಟು ಹೊತ್ತು ಬೇಕೆಂದು ಎಲ್ಲರಿಗೂ ಗೊತ್ತು. ವಿಸರಣೆಯಲ್ಲಿ ದೂರ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟಾಗುತ್ತದೆ. ಅದೂ ಅಲ್ಲದೆ ದಾರಿಯಲ್ಲಿರುವ ಪ್ರತಿಯೊಂದು ಕೋಶವೂ ತನ್ನ ಪಾಲನ್ನು ಹೀರಿಕೊಳ್ಳುತ್ತದೆ. ಹೀಗಾಗಿ ಆಮ್ಲಜನಕ ರಕ್ತನಾಳದಿಂದ ಸುಮಾರು 150 ಮೈಕ್ರೊಮೀಟರ್ ದೂರ, ಅಂದರೆ ಎರಡು ಕೂದಲೆಳೆಯ ದಪ್ಪದಷ್ಟು ಸಾಗುವಷ್ಟರಲ್ಲಿ ಮುಗಿದುಹೋಗುತ್ತದೆ. 1955ರಲ್ಲಿ ಥಾಮ್ಲಿನ್‌ಸನ್ ಮತ್ತು ಗ್ರೇ ಎಂಬ ಬ್ರಿಟಿಷ್ ವಿಜ್ಞಾನಿಗಳು ಶ್ವಾಸಕೋಶದ ಗಂತಿಗಳ ತೆಳುಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು, ದಪ್ಪನೆಯ ಕೋಶಗುಚ್ಛಗಳ ನಡುಭಾಗ ಸತ್ತಿರುವುದನ್ನು ತೋರಿಸಿ, ಅದನ್ನು ಈ ಲೆಕ್ಕದಿಂದಲೇ ವಿವರಿಸಿದರು. ಗ್ರೇ ಭೌತವಿಜ್ಞಾನಿ, ವಿಕಿರಣ ಚಿಕಿತ್ಸೆಯ ಚೀಟಿಯಲ್ಲಿ ಬರೆಯುವ 'ಗ್ರೇ' ಎಂಬ ಏಕಮಾನ ಅವರ ಹೆಸರಿನದೇ. ಸತ್ತ ನಡುಭಾಗಕ್ಕೂ ಬದುಕಿರುವ ಹೊರಭಾಗಕ್ಕೂ ಮಧ್ಯೆ ಉಸಿರುಗಟ್ಟಿಯೂ ಜೀವ ಹಿಡಿದಿರುವ ಕೋಶಗಳಿರುತ್ತವೆ. ಇವನ್ನು ಕೊಲ್ಲಲು ಸುಮಾರು ಮೂರು ಪಟ್ಟು ವಿಕಿರಣ ಬೇಕು. ರಕ್ತದಲ್ಲಿ ಬರುವ ಔಷಧವೂ ಇವುಗಳನ್ನು ಸರಿಯಾಗಿ ತಲುಪುವುದಿಲ್ಲ. ರೋಗ ಮರುಕಳಿಸಲು ಇವೂ ಒಂದು ಕಾರಣ. ತಟ್ಟೆಯಲ್ಲಿ ಇಂಥ ಕೋಶಗಳೇ ಇರುವುದಿಲ್ಲ.

ಎರಡನೆಯದು ಗಡಸುತನ. ವೈದ್ಯರು ಸ್ತನವನ್ನು ಬೆರಳಿನಿಂದ ಒತ್ತಿ ನೋಡುವುದೇಕೆ? ಗಂತಿ ಸುತ್ತಲಿನ ಭಾಗಕ್ಕಿಂತ ಗಟ್ಟಿಯಾಗಿರುತ್ತದೆ. ಸ್ಥಿತಿಸ್ಥಾಪಕತೆಯ ಅಳತೆಯಲ್ಲಿ ಆರೋಗ್ಯವಂತ ಸ್ತನದ ಅಂಗಾಂಶ ಕೆಲವು ನೂರು ಪ್ಯಾಸ್ಕಲ್, ಗಂತಿ ಕೆಲವು ಸಾವಿರ ಪ್ಯಾಸ್ಕಲ್. ಪ್ರಯೋಗಾಲಯದ ಪ್ಲಾಸ್ಟಿಕ್ ತಟ್ಟೆ? ಸುಮಾರು 300 ಕೋಟಿ ಪ್ಯಾಸ್ಕಲ್. ಬೆಣ್ಣೆಯಂಥ ನೆಲದಲ್ಲಿ ಬದುಕಬೇಕಾದ ಕೋಶವನ್ನು ಸುಮಾರು ಒಂದು ಕೋಟಿ ಪಟ್ಟು ಗಟ್ಟಿಯಾದ ಬಂಡೆಯ ಮೇಲೆ ಕೂರಿಸಿದ್ದೇವೆ. ಕೋಶ ತನ್ನ ಕಾಲ ಕೆಳಗಿನ ನೆಲವನ್ನು ಎಳೆದು ನೋಡಿ ಅದರಂತೆ ತನ್ನ ನಡವಳಿಕೆಯನ್ನು ಬದಲಿಸಿಕೊಳ್ಳುತ್ತದೆ ಎಂಬುದು ಈಗ ಚೆನ್ನಾಗಿ ತಿಳಿದಿದೆ. ನೆಲ ಗಟ್ಟಿಯಾಗುತ್ತ ಹೋದಂತೆ ಸಾಧಾರಣ ಸ್ತನಕೋಶಗಳೂ ಕ್ಯಾನ್ಸರಿನ ಕೋಶಗಳಂತೆ ಅಡ್ಡಾದಿಡ್ಡಿಯಾಗಿ ಬೆಳೆಯುವುದನ್ನು 2005ರಲ್ಲಿ ವೆಲೆರಿ ವೀವರ್ ಅವರ ತಂಡ ತೋರಿಸಿತು.

ಈ ಕೊರತೆ ತುಂಬಲು ಕೋಶಗಳನ್ನು ಮೃದುವಾದ ಲೋಳೆಯಲ್ಲಿ ಪುಟ್ಟ ಚೆಂಡಿನಂತೆ ಬೆಳೆಸುವ ವಿಧಾನಗಳು ಬಂದಿವೆ. ಚೆಂಡು ಅರ್ಧ ಮಿಲಿಮೀಟರಿನಷ್ಟು ದಪ್ಪವಾದರೆ ಗ್ರೇ ಲೆಕ್ಕದಂತೆಯೇ ಅದರ ನಡುಭಾಗ ಸಾಯುತ್ತದೆ. ಅಂಡಾಶಯದ ಕ್ಯಾನ್ಸರಿನಲ್ಲಿ ಹೊಟ್ಟೆಯೊಳಗಿನ ದ್ರವದಲ್ಲಿ ಇಂಥ ಕೋಶಚೆಂಡುಗಳು ನಿಜವಾಗಿಯೂ ತೇಲುತ್ತಿರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮ್‌ರೇ ಭಟ್ ಅವರ ತಂಡ ಅವುಗಳ ರಚನೆಯನ್ನು ಅಧ್ಯಯನ ಮಾಡುತ್ತಿದೆ. ಇನ್ನೊಂದು ಹೆಜ್ಜೆ ಮುಂದೆ, 2009ರಲ್ಲಿ ನೆದರ್ಲೆಂಡ್ಸ್‌ನ ಹಾನ್ಸ್ ಕ್ಲೆವರ್ಸ್ ಮತ್ತು ತೊಶಿರೊ ಸಾಟೊ ಕರುಳಿನ ಒಂದೇ ಒಂದು ಆಕರಕೋಶದಿಂದ ಕರುಳಿನ ಒಳಪದರವನ್ನೇ ಹೋಲುವ ರಚನೆಯನ್ನು ಬೆಳೆಸಿದರು. ಆರ್ಗನಾಯ್ಡ್ ಎಂಬ ಈ ಕಿರು ಅಂಗಗಳನ್ನು ಈಗ ರೋಗಿಯ ಗಂತಿಯಿಂದಲೂ ಬೆಳೆಸುತ್ತಾರೆ. ಇದನ್ನು ಪ್ರಾಣಿರಹಿತ ವಿಧಾನ ಎಂದು ಹೊಗಳುವುದುಂಟು. ಆದರೆ ಇವನ್ನು ಬೆಳೆಸಲು ಹೆಚ್ಚಾಗಿ ಬಳಸುವ ಮೇಟ್ರಿಜೆಲ್ ಎಂಬ ಲೋಳೆ ಬರುವುದು ಇಲಿಯ ಗಂತಿಯಿಂದ!

ಕಸಿ ಕಟ್ಟಿದ ಇಲಿ

ತಟ್ಟೆಯಲ್ಲಿ ಯಕೃತ್ತಿಲ್ಲ, ಮೂತ್ರಪಿಂಡವಿಲ್ಲ, ಹರಿಯುವ ರಕ್ತವಿಲ್ಲ. ಔಷಧವನ್ನು ದೇಹ ಹೇಗೆ ಒಡೆಯುತ್ತದೆ, ಗಂತಿ ಇನ್ನೊಂದು ಅಂಗಕ್ಕೆ ಹೇಗೆ ಹರಡುತ್ತದೆ ಎಂದು ತಿಳಿಯಲು ಇಡೀ ಪ್ರಾಣಿಯೇ ಬೇಕು. 1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲ ಟಾರನ್ನು ಸವರಿ ಕ್ಯಾನ್ಸರ್ ಬರಿಸಿ, ರಾಸಾಯನಿಕದಿಂದ ಈ ರೋಗ ಬರುತ್ತದೆ ಎಂದು ಪ್ರಾಣಿಯಲ್ಲಿ ಮೊದಲ ಬಾರಿಗೆ ಸಿದ್ಧಪಡಿಸಿದರು. ಬಾಯಿಯ ಕ್ಯಾನ್ಸರಿಗೆ 1954ರಿಂದ ಹ್ಯಾಮ್‌ಸ್ಟರ್ ಎಂಬ ದಂಶಕ ಬಳಕೆಯಲ್ಲಿದೆ. ಕಾಳು ತುಂಬಿಕೊಳ್ಳಲು ಅದರ ಕೆನ್ನೆಯಲ್ಲಿರುವ ಚೀಲಕ್ಕೆ ರಾಸಾಯನಿಕ ಸವರಿದರೆ ಕೆಲವು ವಾರಗಳಲ್ಲಿ ಗಂತಿ ಏಳುತ್ತದೆ. ಗುಟ್ಕಾ, ತಂಬಾಕು ಜಗಿಯುವ ನಮ್ಮ ನಾಡಿಗೆ ಬೇಕಾದ ಮಾದರಿಯೇ. ಆದರೂ ಬಹುಪಾಲು ಕೆಲಸ ನಡೆಯುವುದು 20ರಿಂದ 30 ಗ್ರಾಂ ತೂಗುವ ಸುಂಡಿಲಿಯಲ್ಲಿ. ಪತ್ರಿಕೆಗಳು ಬರೀ 'ಇಲಿ' ಎಂದಾಗ ಸಾಮಾನ್ಯವಾಗಿ ಇದೇ.

ಮನುಷ್ಯರ ಗಂತಿಯನ್ನು ಇಲಿಯಲ್ಲಿ ಬೆಳೆಸುವ ವಿಧಾನ ತಿಕೋಟಾ, ಬಬಲೇಶ್ವರ, ಕಳ್ಳಕವಟಗಿ ಸೀಮೆಯ ದ್ರಾಕ್ಷಿ ಬೆಳೆಗಾರರಿಗೆ ಬೇಗ ಅರ್ಥವಾಗುತ್ತದೆ. ಅವರು ಥಾಮ್ಸನ್ ಸೀಡ್‌ಲೆಸ್ ಬಳ್ಳಿಯನ್ನು ನೇರವಾಗಿ ನೆಡುವ ಬದಲು ಡಾಗ್‌ರಿಡ್ಜ್ ಎಂಬ ಕಾಡು ಬೇರುಸಸಿಯ ಮೇಲೆ ಕಸಿ ಕಟ್ಟುತ್ತಾರೆ. ಬೇರು ಬರ ತಡೆಯುತ್ತದೆ, ಸವಳು ನೀರನ್ನು ತಾಳುತ್ತದೆ, ಹಣ್ಣು ಮೇಲಿನ ಕಡ್ಡಿಯದು. ಗಿಡಗಳಿಗೆ ನಮ್ಮಂಥ ರೋಗನಿರೋಧ ವ್ಯವಸ್ಥೆ ಇಲ್ಲದ್ದರಿಂದ ಕಸಿ ಸುಲಭವಾಗಿ ಹತ್ತುತ್ತದೆ. ಇಲಿಯಲ್ಲಿ ಮನುಷ್ಯರ ಅಂಗಾಂಶವನ್ನಿಟ್ಟರೆ ಅದರ ದೇಹ ಕೆಲವೇ ದಿನಗಳಲ್ಲಿ ಅದನ್ನು ನಾಶ ಮಾಡುತ್ತದೆ. ದಾರಿ ಸಿಕ್ಕಿದ್ದು ಹುಟ್ಟಿನಿಂದಲೇ ರೋಮವಿಲ್ಲದ, ಥೈಮಸ್ ಗ್ರಂಥಿಯೂ ಇಲ್ಲದ 'ಬೆತ್ತಲೆ ಇಲಿ'ಯಿಂದ. ಥೈಮಸ್ ಇಲ್ಲದಿದ್ದರೆ ಪರಕೀಯವನ್ನು ಗುರುತಿಸಿ ಹೊಡೆಯುವ ಟಿ-ಕೋಶಗಳು ಪಕ್ವವಾಗುವುದಿಲ್ಲ. 1969ರಲ್ಲಿ ಡೆನ್ಮಾರ್ಕಿನ ರಿಗಾರ್ಡ್ ಮತ್ತು ಪೌಲ್ಸೆನ್ ರೋಗಿಯೊಬ್ಬರ ಕರುಳಿನ ಗಂತಿಯನ್ನು ಇಂಥ ಇಲಿಯಲ್ಲಿ ಬೆಳೆಸಿ ತೋರಿಸಿದರು. ಇಂದು ಔಷಧವೊಂದು ಮನುಷ್ಯರಿಗೆ ಬರುವ ಮುನ್ನ ಇಂಥ ಕಸಿ ಇಲಿಗಳನ್ನು ಹಾದು ಬರುವುದು ವಾಡಿಕೆ.

ಕಸಿ ಹತ್ತಲೆಂದು ನಾವು ಕಿತ್ತುಹಾಕಿದ್ದು ರೋಗನಿರೋಧ ವ್ಯವಸ್ಥೆಯನ್ನು. ಆದ್ದರಿಂದ ಆ ವ್ಯವಸ್ಥೆಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಔಷಧಗಳನ್ನು ಬೆತ್ತಲೆ ಇಲಿಯಲ್ಲಿ ಪರೀಕ್ಷಿಸಿ ಫಲವಿಲ್ಲ. 1996ರಲ್ಲಿ ಜೇಮ್ಸ್ ಆಲಿಸನ್ ಅವರ ತಂಡ ಟಿ-ಕೋಶಗಳ 'ಬ್ರೇಕ್' ಬಿಡಿಸಿ ಗಂತಿ ಕರಗಿಸಿದ್ದು ರೋಗನಿರೋಧ ಸರಿಯಾಗಿದ್ದ ಇಲಿಗಳಲ್ಲಿ, ಇಲಿಯದೇ ಗಂತಿಯನ್ನಿಟ್ಟು. ಅದಕ್ಕೆ ಅವರಿಗೆ 2018ರಲ್ಲಿ ನೊಬೆಲ್ ಬಹುಮಾನ ಬಂತು. ಇಲಿ ಅದೇ, ಪ್ರಶ್ನೆ ಬೇರೆ, ಮಾದರಿಯೂ ಬೇರೆ.

ಇಲಿ ಪುಟ್ಟ ಮನುಷ್ಯನಲ್ಲ

20 ಗ್ರಾಂ ಇಲಿ, 60 ಕಿಲೋಗ್ರಾಂ ಮನುಷ್ಯ. ತೂಕದ ವ್ಯತ್ಯಾಸ 3000 ಪಟ್ಟು. ಹಾಗೆಂದು ಇಲಿಗೆ ಕೊಟ್ಟ ಔಷಧದ 3000 ಪಟ್ಟನ್ನು ಮನುಷ್ಯನಿಗೆ ಕೊಡಬಹುದೇ? ಗೆಲಿಲಿಯೊ ಹೇಳಿಕೊಟ್ಟ ಪಾಠವನ್ನು ನೆನೆಯಿರಿ: ಆಕಾರ ದೊಡ್ಡದಾದಂತೆ ಘನಗಾತ್ರ ಉದ್ದದ ಘನದಂತೆ, ಮೇಲ್ಮೈ ಉದ್ದದ ವರ್ಗದಂತೆ ಬೆಳೆಯುತ್ತದೆ. 3000ರ ಘನಮೂಲ ಸುಮಾರು 14.4, ಅದರ ವರ್ಗ ಸುಮಾರು 208. ಪುಟ್ಟ ಪ್ರಾಣಿ ಮೇಲ್ಮೈಯಿಂದ ಬೇಗ ಶಾಖ ಕಳೆದುಕೊಳ್ಳುತ್ತದೆ, ಆದ್ದರಿಂದ ಅದರ ಒಲೆ ಜೋರಾಗಿ ಉರಿಯಬೇಕು; ಹೃದಯ ನಿಮಿಷಕ್ಕೆ ಸುಮಾರು 600 ಬಾರಿ ಬಡಿಯುತ್ತದೆ, ಔಷಧವೂ ಬೇಗ ಕರಗಿ ಹೊರಹೋಗುತ್ತದೆ. ಹೀಗಾಗಿ ಔಷಧದ ಪ್ರಮಾಣ ತೂಕಕ್ಕಿಂತ ಮೇಲ್ಮೈಯನ್ನು ಅನುಸರಿಸುತ್ತದೆ. ಬಳಕೆಯಲ್ಲಿರುವ ನಿಯಮದಂತೆ ಇಲಿಗೆ ಕಿಲೋವೊಂದಕ್ಕೆ 12 ಮಿಲಿಗ್ರಾಂ ಎಂದರೆ ಮನುಷ್ಯನಿಗೆ ಕಿಲೋವೊಂದಕ್ಕೆ ಸುಮಾರು 1 ಮಿಲಿಗ್ರಾಂ. ಕೀಮೊಥೆರಪಿಗೆ ಮೊದಲು ಆಸ್ಪತ್ರೆಯಲ್ಲಿ ಎತ್ತರ ಮತ್ತು ತೂಕ ಎರಡನ್ನೂ ಅಳೆಯುವುದು ದೇಹದ ಮೇಲ್ಮೈಯನ್ನು ಲೆಕ್ಕ ಹಾಕಲೆಂದೇ. ಈ ಪಾಠವನ್ನು ಮರೆತದ್ದರ ಬೆಲೆ ತೆತ್ತದ್ದು ಟಸ್ಕೊ ಎಂಬ ಆನೆ. 1962ರಲ್ಲಿ ಅಮೆರಿಕದ ಓಕ್ಲಹೋಮಾ ನಗರದ ಮೃಗಾಲಯದಲ್ಲಿ ತೂಕದ ಲೆಕ್ಕದಲ್ಲಿ ಅದಕ್ಕೆ 297 ಮಿಲಿಗ್ರಾಂ ಎಲ್‌ಎಸ್‌ಡಿ ಚುಚ್ಚಿದರು. ಅದು ಎರಡು ಗಂಟೆಯೊಳಗೆ ಸತ್ತಿತು.

ಗಂತಿಯ ಗಾತ್ರವನ್ನೂ ನೋಡಿ. ಒಂದು ಗ್ರಾಂ ಗಂತಿಯಲ್ಲಿ ಸುಮಾರು ನೂರು ಕೋಟಿ ಕೋಶಗಳಿರುತ್ತವೆ. ಮನುಷ್ಯರಲ್ಲಿ ಇದು ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಗಂಟು, ಇಷ್ಟಾಗಲು ಹಲವು ವರ್ಷ ಬೇಕಾಗಬಹುದು. ಇಲಿಗೆ ಅದು ದೇಹತೂಕದ ಇಪ್ಪತ್ತನೆಯ ಒಂದು ಭಾಗ, ನಮಗೆ ಮೂರು ಕಿಲೋ ಇದ್ದ ಹಾಗೆ. ಬೆಳೆದದ್ದು ಕೆಲವೇ ವಾರಗಳಲ್ಲಿ. ಅನೇಕ ಔಷಧಗಳು ಬೇಗ ವಿಭಜನೆಗೊಳ್ಳುವ ಕೋಶಗಳನ್ನೇ ಹೊಡೆಯುವುದರಿಂದ, ಇಂಥ ಅವಸರದ ಗಂತಿ ಕರಗಿತೆಂದರೆ ನಿಧಾನದ ಗಂತಿಯೂ ಕರಗುತ್ತದೆ ಎಂದೇನಿಲ್ಲ.

ಇನ್ನೂ ಒಂದು ಒಗಟಿದೆ. ಕ್ಯಾನ್ಸರ್ ಶುರುವಾಗುವುದು ಒಂದು ಕೋಶ ಕೆಟ್ಟಾಗ. ನಮ್ಮಲ್ಲಿ ಇಲಿಗಿಂತ ಸುಮಾರು 3000 ಪಟ್ಟು ಕೋಶಗಳು, ಆಯುಸ್ಸೂ ಸುಮಾರು 30 ಪಟ್ಟು. ಪ್ರತಿ ಕೋಶ ಕೆಡುವ ಸಂಭವ ಒಂದೇ ಆಗಿದ್ದರೆ ನಮಗೆ ಬಾಲ್ಯದಲ್ಲೇ ಕ್ಯಾನ್ಸರ್ ಬರಬೇಕಿತ್ತು. ಹಾಗಾಗುವುದಿಲ್ಲ ಎಂಬುದನ್ನು ಬ್ರಿಟನ್ನಿನ ರಿಚರ್ಡ್ ಪೀಟೊ 1970ರ ದಶಕದಲ್ಲಿ ಎತ್ತಿ ಹೇಳಿದರು. ಅಂದರೆ ಮನುಷ್ಯರ ಕೋಶಕ್ಕೆ ಇಲಿಯ ಕೋಶಕ್ಕಿಂತ ಹೆಚ್ಚು ಬೀಗಗಳಿರಬೇಕು.

ಆ ಬೀಗಗಳನ್ನು ಎಣಿಸಿದವರಲ್ಲಿ ಇಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ತನದ ಕ್ಯಾನ್ಸರ್ ಕುರಿತು ಸಂಶೋಧಿಸುತ್ತಿರುವ ಅನ್ನಪೂರ್ಣಿ ರಂಗರಾಜನ್ ಒಬ್ಬರು. ಅಮೆರಿಕದಲ್ಲಿ ರಾಬರ್ಟ್ ವೈನ್‌ಬರ್ಗ್ ಅವರೊಂದಿಗೆ ಮಾಡಿದ ಈ ಕೆಲಸವನ್ನು ಅವರು 2004ರಲ್ಲಿ ಪ್ರಕಟಿಸಿದರು. ಇಲಿಯ ಸಂಯೋಜಕ ಅಂಗಾಂಶದ ಕೋಶವನ್ನು ಕ್ಯಾನ್ಸರ್ ಕೋಶವಾಗಿಸಲು ಎರಡು ನಿಯಂತ್ರಣ ಮಾರ್ಗಗಳನ್ನು ಕೆಡಿಸಿದರೆ ಸಾಕಾಯಿತು. ಮನುಷ್ಯರ ಅದೇ ಬಗೆಯ ಕೋಶಕ್ಕೆ ಆರು ಮಾರ್ಗಗಳನ್ನು ಕೆಡಿಸಬೇಕಾಯಿತು. ಅವುಗಳಲ್ಲಿ ಒಂದು ಟೆಲೊಮರೇಸ್. ವರ್ಣತಂತುವಿನ ತುದಿಗಳು ಪ್ರತಿ ವಿಭಜನೆಯಲ್ಲೂ ಸವೆಯುತ್ತವೆ. ಸವೆದದ್ದನ್ನು ತುಂಬುವ ಈ ಕಿಣ್ವ ನಮ್ಮ ಹೆಚ್ಚಿನ ಕೋಶಗಳಲ್ಲಿ ನಿಷ್ಕ್ರಿಯ, ಇಲಿಯ ಹಲವು ಕೋಶಗಳಲ್ಲಿ ಸಕ್ರಿಯ. ಅಷ್ಟೇ ಅಲ್ಲ, ಮನುಷ್ಯರಲ್ಲೇ ಮೂತ್ರಪಿಂಡದ ಕೋಶಕ್ಕೆ ಬೇಕಾದ ಬದಲಾವಣೆ ಬೇರೆ, ಸ್ತನದ ಕೋಶಕ್ಕೆ ಬೇಕಾದದ್ದು ಬೇರೆ. ಇಲಿಯಲ್ಲಿ ಒಂದು ಮಾರ್ಗವನ್ನು ಮುಚ್ಚಿ ಕ್ಯಾನ್ಸರ್ ನಿಲ್ಲಿಸಿದ ಔಷಧ ನಮ್ಮಲ್ಲಿ ಏಕೆ ಸೋಲಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ನಾನು ಓದಿಲ್ಲ.

ಸುಳ್ಳು ಹೇಳಿದ ಇಲಿ, ಕೇಳದ್ದನ್ನು ಹೇಳಿದ ಇಲಿ

1998ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ಜೂಡಾ ಫೋಕ್‌ಮನ್ ಅವರ ಪ್ರಯೋಗಾಲಯದ ಸುದ್ದಿ ಬಂತು: ಗಂತಿಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಎರಡು ಪ್ರೋಟೀನುಗಳು ಇಲಿಗಳ ಗಂತಿಗಳನ್ನು ಕರಗಿಸಿದ್ದವು. ಮರುದಿನದಿಂದ ವೈದ್ಯರಿಗೆ ರೋಗಿಗಳ ಕರೆಗಳು ಬಿಡುವಿಲ್ಲದೆ ಬಂದವು, ಕಂಪನಿಯ ಷೇರು ಗಗನಕ್ಕೇರಿತು. ಮನುಷ್ಯರ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಗಳಲ್ಲಿ ಆ ಪವಾಡ ನಡೆಯಲಿಲ್ಲ. ಆದರೆ ಫೋಕ್‌ಮನ್ ಅವರ ವಿಚಾರ ಸುಳ್ಳಾಗಲಿಲ್ಲ. ಅದೇ ತತ್ತ್ವದ ಬೆವಾಸಿಜುಮ್ಯಾಬ್ ಎಂಬ ಬೇರೊಂದು ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ರೋಗವನ್ನು ಕೆಲವು ತಿಂಗಳು ಹಿಂದಕ್ಕೆ ತಳ್ಳುತ್ತದೆ. ಇಲಿ ತೋರಿಸಿದ ತತ್ತ್ವ ನಿಜ, ತೋರಿಸಿದ ಪ್ರಮಾಣ ಅತಿ.

ಇದಕ್ಕೆ ವಿರುದ್ಧವಾದ ತಪ್ಪೂ ಆಗಿದೆ. ಸಕ್ಕರೆಗೆ ಬದಲಾಗಿ ಬಳಸುವ ಸ್ಯಾಕರಿನ್ ದೊಡ್ಡ ಇಲಿಗಳಲ್ಲಿ ಮೂತ್ರಕೋಶದ ಗಂತಿ ಬರಿಸಿದ್ದರಿಂದ 1977ರಲ್ಲಿ ಕೆನಡಾ ಅದನ್ನು ನಿಷೇಧಿಸಿತು. ಗಂಡು ಇಲಿಯ ಮೂತ್ರದಲ್ಲಿ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಫಾಸ್ಫೇಟ್ ಹೆಚ್ಚು, ಹರಳು ಕಟ್ಟಿ ಒಳಪದರವನ್ನು ಉಜ್ಜಿ ಗಾಯ ಮಾಡುತ್ತದೆ, ಮನುಷ್ಯರಲ್ಲಿ ಹೀಗಾಗುವುದಿಲ್ಲ ಎಂದು ಆಮೇಲೆ ತಿಳಿಯಿತು. 2000ದಲ್ಲಿ ಅಮೆರಿಕ ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ತೆಗೆಸಿತು. ಸಿಗರೇಟಿನ ಕಥೆ ಇನ್ನೂ ಬೇರೆ. ಹೊಗೆ ಕುಡಿಸಿದ ಇಲಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬರಿಸುವುದು ಬಹಳ ಕಾಲ ಕಷ್ಟವಾಗಿಯೇ ಇತ್ತು. 1950ರಲ್ಲಿ ಡಾಲ್ ಮತ್ತು ಹಿಲ್ ಸತ್ಯ ಕಂಡದ್ದು ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ಪ್ರಶ್ನಿಸಿ. ನಮ್ಮ ರಾಜ್ಯದಲ್ಲೂ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಇಂಥ ದಾಖಲೆಗಳು ಇಲಿಯಿಂದ ಸಿಗದ ಉತ್ತರಗಳನ್ನು ಕೊಡುತ್ತವೆ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಲು ಇಲಿಯ ಸಾಕ್ಷ್ಯಕ್ಕಾಗಿ ಕಾಯಬೇಕಾಗಲಿಲ್ಲ.

ಗಿಡಮೂಲಿಕೆ ಎಂಬ ಕಾರಣಕ್ಕೆ ನಾನು ಲಕ್ಷ್ಮಣಫಲವನ್ನು ತಳ್ಳಿಹಾಕುತ್ತಿದ್ದೇನೆ ಎಂದು ಯಾರೂ ಭಾವಿಸಬಾರದು. ನಮ್ಮ ಮನೆಯಂಗಳದ ನಿತ್ಯಪುಷ್ಪವನ್ನೇ ನೋಡಿ. 1952ರಲ್ಲಿ ಜಮೈಕಾದಿಂದ ಕೆನಡಾಕ್ಕೆ ಈ ಗಿಡದ ಎಲೆಗಳು ಬಂದವು. ಅಲ್ಲಿ ಜನ ಅದನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. ರಾಬರ್ಟ್ ನೋಬಲ್ ಅದರ ಸಾರವನ್ನು ಇಲಿಗಳಿಗೆ ಕುಡಿಸಿದರು. ಸಕ್ಕರೆ ಇಳಿಯಲಿಲ್ಲ. ಚುಚ್ಚಿ ಕೊಟ್ಟಾಗ ಇಲಿಗಳು ಸೋಂಕು ತಗುಲಿ ಸತ್ತವು. ಕಾರಣ ಹುಡುಕಿದರೆ ಅವುಗಳ ಬಿಳಿ ರಕ್ತಕಣಗಳು ಕುಸಿದಿದ್ದವು. ಬಿಳಿಕಣಗಳು ಮಿತಿಮೀರಿ ಬೆಳೆಯುವ ರಕ್ತದ ಕ್ಯಾನ್ಸರಿಗೆ ಇದು ಮದ್ದಾಗಬಹುದೇ ಎಂಬ ಹೊಸ ಪ್ರಶ್ನೆ ಹುಟ್ಟಿತು. ನೋಬಲ್ ಮತ್ತು ಬಿಯರ್ ಅದರಿಂದ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಔಷಧ ಕಂಪನಿಯೊಂದು ರಕ್ತದ ಕ್ಯಾನ್ಸರ್ ಇದ್ದ ಇಲಿಗಳಲ್ಲಿ ಪರೀಕ್ಷಿಸಿ ಅದೇ ಗಿಡದ ವಿನ್‌ಕ್ರಿಸ್ಟಿನ್ ಕಂಡುಹಿಡಿಯಿತು. 1963ರಲ್ಲಿ ಅನುಮತಿ ಪಡೆದ ಅದು ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದಿಗೂ ಇದೆ. ನಿತ್ಯಪುಷ್ಪ ತಟ್ಟೆ, ಇಲಿ, ಮನುಷ್ಯ ಎಲ್ಲವನ್ನೂ ದಾಟಿ ಬಂತು. ಆದರೂ ಅದರ ಎಲೆಯನ್ನು ಅರೆದು ಕುಡಿಯಿರಿ ಎಂದು ಯಾವ ವೈದ್ಯರೂ ಹೇಳುವುದಿಲ್ಲ, ಅದು ನಂಜು.

ಇಲಿಯನ್ನು ದಾಟಿ ಮನುಷ್ಯರ ಮೇಲಿನ ಪರೀಕ್ಷೆಗೆ ಬಂದ ಕ್ಯಾನ್ಸರ್ ಔಷಧಗಳಲ್ಲಿ ಕೊನೆಗೆ ಅನುಮತಿ ಪಡೆಯುವುದು ನೂರಕ್ಕೆ ಸುಮಾರು ಐದು. ಭಾರತದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ರಚಿತವಾದ ಸಮಿತಿಯ ಹಿಡಿತವಿದೆ. ಪ್ರತಿ ಸಂಸ್ಥೆಯೂ ತನ್ನ ನೈತಿಕ ಸಮಿತಿಯ ಮುಂದೆ ಎಷ್ಟು ಪ್ರಾಣಿ, ಏಕೆ ಎಂದು ಒಪ್ಪಿಸಬೇಕು. 2022ರ ಕೊನೆಯಲ್ಲಿ ಅಮೆರಿಕವೂ 2023ರ ಮಾರ್ಚಿನಲ್ಲಿ ಭಾರತವೂ ನಿಯಮ ತಿದ್ದಿ, ಹೊಸ ಔಷಧಕ್ಕೆ ಪ್ರಾಣಿಯ ಬದಲು ಕೋಶ, ಆರ್ಗನಾಯ್ಡ್, ಗಣಕ ಮಾದರಿಗಳ ಸಾಕ್ಷ್ಯವನ್ನೂ ಕೊಡಬಹುದು ಎಂದಿವೆ. ಇಲಿ ಇದರಿಂದ ತಕ್ಷಣ ಕಣ್ಮರೆಯಾಗುತ್ತದೆ ಎಂದು ನನಗನಿಸುವುದಿಲ್ಲ. ಆರ್ಗನಾಯ್ಡಿಗೂ ಯಕೃತ್ತಿಲ್ಲ, ರಕ್ತವಿಲ್ಲ.

ಮುಂದೆ ಎಂದಾದರೂ 'ಕ್ಯಾನ್ಸರಿಗೆ ಮದ್ದು ಸಿಕ್ಕಿತು' ಎಂಬ ಸುದ್ದಿ ಕಂಡರೆ, ಯಾವುದರಲ್ಲಿ ಸಿಕ್ಕಿತು ಎಂದು ಮೂರನೆಯ ನಾಲ್ಕನೆಯ ಸಾಲಿನಲ್ಲಿ ಹುಡುಕಿ. ಮನುಷ್ಯರ ಮೇಲೆ ಪರೀಕ್ಷೆಯಾಗಿದೆ ಎಂದಿದ್ದರೆ ಅದನ್ನೂ ತಾಳೆ ನೋಡಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರಲ್ಲಿ ಪ್ರಾರಂಭಿಸಿದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ, ದೇಶದಲ್ಲಿ ನಡೆಯುವ ಔಷಧ ಪರೀಕ್ಷೆಗಳನ್ನು ಮೊದಲೇ ನೋಂದಾಯಿಸುವುದು 2009ರಿಂದ ಕಡ್ಡಾಯ. ಯಾವ ಔಷಧ, ಯಾವ ಆಸ್ಪತ್ರೆ, ಎಷ್ಟು ರೋಗಿಗಳು, ಯಾವ ಹಂತ ಎಂಬುದನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ಪ್ರತಿ ಪರೀಕ್ಷೆಗೂ 'ಸಿಟಿಆರ್‌ಐ' ಎಂದು ಆರಂಭವಾಗುವ ಒಂದು ಸಂಖ್ಯೆ ಇರುತ್ತದೆ. ಮದ್ದು ಮಾರುವವರನ್ನು ಆ ಸಂಖ್ಯೆ ಕೇಳಿ.